ಬಂದದ, ಬಂದ್ ಅದ

ಮಸ್ಕತ್ತಿನಲ್ಲಿ ನಮ್ಮ ಬೀದರ ಕಡೆಯ ಆರು ಕುಟುಂಬಗಳಿವೆ. ಶುಕ್ರವಾರ ಎಲ್ಲರಿಗೂ ರಜೆ. ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಹೊಟ್ಟೆ ತುಂಬ ಉಂಡು, ಊರನ್ನು ನೆನೆದು ನಿಟ್ಟುಸಿರು ಬಿಡುವುದು ನಮ್ಮ ವಾಡಿಕೆ. ಎಲ್ಲರಿಗಿಂತ ಉದ್ದದ ನಿಟ್ಟುಸಿರು ಬಿಡುವವರು ಔರಾದ ಕಡೆಯ ಒಬ್ಬರು. ನಮ್ಮ ಹೊಲದ ಗಾಳಿ ಈ ದೇಶದಲ್ಲಿ ಎಲ್ಲಿ ಸಿಗಬೇಕು ಎನ್ನುತ್ತಲೇ ಎಸಿಯನ್ನು ಇನ್ನೆರಡು ಡಿಗ್ರಿ ಕೆಳಗಿಳಿಸುತ್ತಾರೆ. ಹಿಂದಿನ ಸಲ ಊರಿಗೆ ಹೋದಾಗ ಎಂಟನೆಯ ದಿನಕ್ಕೆ ಹೊಟ್ಟೆ ಕೆಟ್ಟು, ಟಿಕೆಟ್ಟು ಬದಲಿಸಿಕೊಂಡು ವಾಪಸು ಓಡಿಬಂದವರು ಇವರೇ. ಮೊದಲು ನನಗೆ ಇದೆಲ್ಲ ತಮಾಷೆ ಎನಿಸುತ್ತಿತ್ತು. ಈಗ ರೇಗುತ್ತದೆ. ಪೂರ್ತಿ ಅವರ ಮೇಲೇ ಅಲ್ಲ.

ನಿಜ ಹೇಳುವುದಾದರೆ ನನಗೆ ಮಸ್ಕತ್ತು ಸೇರುತ್ತದೆ. ಶುಕ್ರವಾರದ ಕೂಟದಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ತವರಿಗೆ ದ್ರೋಹ ಮಾಡಿದಂತೆ ನೋಡುತ್ತಾರೆ. ಆದರೆ ಸಂಜೆ ಸಮುದ್ರದ ದಂಡೆಗುಂಟ ಒಬ್ಬಳೇ ಒಂದು ತಾಸು ನಡೆದರೂ ಎಲ್ಲಿಗೆ ಹೊರಟೆ, ಯಾಕೆ ಹೊರಟೆ, ಗಂಡನಿಗೆ ಹೇಳಿದ್ದೀಯಾ ಎಂದು ಕೇಳುವವರಿಲ್ಲ. ಒಗೆದ ಬಟ್ಟೆ ಬಾಲ್ಕನಿಯಲ್ಲಿ ಮುಕ್ಕಾಲು ತಾಸಿನಲ್ಲಿ ಒಣಗುತ್ತದೆ. ಕೆಳಗಿನ ಅಂಗಡಿಗೆ ಹೇಳಿದರೆ ಒಂದು ಕಟ್ಟು ಕೊತ್ತಂಬರಿಯನ್ನೂ ಮೇಲೆ ತಂದುಕೊಡುತ್ತಾರೆ. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಮೇಣದಬತ್ತಿ ಹುಡುಕಿಲ್ಲ. ಅಲ್ಲೊಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ವಿದ್ಯುತ್ತಿನ ಪಾಠ ಬಂದಾಗ, ಕರೆಂಟು ಹೋಗುವುದು ಎಂದರೇನು ಎಂದು ಮಕ್ಕಳಿಗೆ ವಿವರಿಸಿ ಹೇಳಬೇಕಾಗುತ್ತದೆ. ಅಂಥ ಊರು ಅದು.

ನನಗೂ ಒಂದು ಹಳಹಳಿ ಇತ್ತು, ಅದು ಮಾತಿನದು. ಶಾಲೆಯಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ಗಂಡನೊಡನೆ ಕನ್ನಡವೂ ಸೇರಿ ಮೂರೂ ಕಲಸಿದ್ದು. ಹಾಗಾಗಿ ಶುಕ್ರವಾರ ನಾನು ಪಟ್ಟು ಹಿಡಿದು ಬೀದರ ಮಾತನ್ನೇ ಆಡುತ್ತಿದ್ದೆ. ‘ಇದೆ’ ಎನ್ನುವಲ್ಲಿ ನಮ್ಮವರು ‘ಅದ’ ಎನ್ನುತ್ತಾರಲ್ಲ, ಆ ‘ಅದ’ ನನ್ನ ಪಾಲಿಗೆ ಮಿಠಾಯಿಯಂತಿತ್ತು. ಮನಿ ಅದ, ಚಹಾ ಅದ, ಬಿಸಲ ಭಾಳ ಅದ ಎಂದು ಕೊನೆಯ ‘ಅದ’ವನ್ನು ಬಾಯಲ್ಲಿ ಒಂದು ಕ್ಷಣ ಇಟ್ಟುಕೊಂಡು, ಎಳೆದು, ಆಮೇಲೆ ಬಿಡುತ್ತಿದ್ದೆ. ಮೈಸೂರು ಕಡೆಯ ಒಬ್ಬರು ಇದನ್ನು ಕೇಳಲಿಕ್ಕೆಂದೇ ಕೂಟಕ್ಕೆ ಬರುತ್ತಿದ್ದರು. ಇನ್ನೊಂದು ಸಲ ಹೇಳಿ ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ನಿಮ್ಮ ಊರಿನ ಮಾತು ಉಳಿದಿರುವುದು ನಿಮ್ಮ ಬಾಯಲ್ಲೇ ಎಂದು ಅವರು ಹೊಗಳಿದ ದಿನ ನಾನು ಉಬ್ಬಿಹೋಗಿದ್ದೆ. ಈಗ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಈ ಚಳಿಗಾಲದಲ್ಲಿ ಐದು ವಾರದ ರಜೆ ಹಾಕಿ ಒಬ್ಬಳೇ ಊರಿಗೆ ಬಂದೆ. ಗಂಡನಿಗೆ ರಜೆ ಸಿಗಲಿಲ್ಲ. ಮೊದಲ ವಾರ ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ, ಅವರ ಮನೆಯಲ್ಲಿದ್ದೆ. ಅಲ್ಲಿ ಬಂದವರೆಲ್ಲ, ನಿಮಗೇನ್ರಿ ಆರಾಮ ಎಂದು ಹೇಳಿ, ಸೆಂಟಿನ ಬಾಟಲಿ ಇಸಿದುಕೊಂಡು ಹೋದರು. ಆರಾಮ ಇರುವುದು ನಿಜವೇ, ಆದರೂ ದಿನಕ್ಕೆ ಹತ್ತು ಸಲ ಅದನ್ನು ಅಪರಾಧದಂತೆ ಒಪ್ಪಿಕೊಳ್ಳಲಾಗುತ್ತದೆಯೇ? ತಪ್ಪಿಸಿಕೊಂಡು ಡಾಬಕಾಕ್ಕೆ, ಅಣ್ಣನ ಮನೆಗೆ ಹೋದೆ.

ಡಾಬಕಾ ಔರಾದ ತಾಲ್ಲೂಕಿನ ಅಂಚಿನಲ್ಲಿದೆ. ಸ್ವಲ್ಪ ಮುಂದೆ ಹೋದರೆ ಬಸ್ಸಿನ ಬೋರ್ಡುಗಳು ಮರಾಠಿಯಾಗುತ್ತವೆ. ಅಣ್ಣ ಪದವಿ ಮುಗಿಸಿ, ಒಂದೆರಡು ಕಡೆ ನೌಕರಿ ಮಾಡಿ, ಅದು ಒಗ್ಗದೆ ಹೊಲಕ್ಕೆ ಮರಳಿದವನು. ಊರಿನ ಹೊರಗೆ ಹೊಲದಲ್ಲೇ ಮನೆ ಕಟ್ಟಿಕೊಂಡು ವೈನಿಯ, ಅಂದರೆ ನನ್ನ ಅತ್ತಿಗೆಯ ಜೊತೆ ಚೆನ್ನಾಗಿಯೇ ಇದ್ದಾನೆ. ಆಗ ಹೊಲದಲ್ಲಿ ಕಡಲೆ ಇತ್ತು, ಅಂಗಳದಲ್ಲಿ ಕೊಯ್ದ ತೊಗರಿ ಒಣಗುತ್ತಿತ್ತು. ಅವನ ತಾಪತ್ರಯವೆಲ್ಲ ಕರೆಂಟಿನದು. ಪಂಪಿನ ಲೈನಿಗೆ ಹಗಲು ಕೆಲವು ತಾಸು ಕರೆಂಟು ಬರುತ್ತದೆ, ಆ ತಾಸುಗಳಲ್ಲೂ ನಡುನಡುವೆ ಹೋಗುತ್ತದೆ. ಬಂದದ್ದು ಗೊತ್ತಾಗಲಿ ಎಂದು ಅದೇ ಲೈನಿಗೆ ಒಂದು ಬಲ್ಬು ಸೇರಿಸಿ ಮನೆಯ ಬಾಗಿಲ ಮೇಲೆ ತೂಗುಹಾಕಿದ್ದ. ಮೋಟಾರಿನ ಸ್ವಿಚ್ಚಿನ ಡಬ್ಬಿ ಮನೆಯ ಹಿಂಗೋಡೆಗೆ, ಬಾವಿಯ ಕಡೆಗೆ ಇದೆ. ಅಲ್ಲಿ ನಿಂತವರಿಗೆ ಬಲ್ಬು ಕಾಣುವುದಿಲ್ಲ. ಇಷ್ಟು ತಿಳಿದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ.

ನಾನು ಹೋದ ಮೂರನೆಯ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಮೋಟಾರು ನಿಂತಿತು. ಡಬ್ಬಿಯೊಳಗೆ ಒಂದು ವಯರು ಸುಟ್ಟು ಬಿಚ್ಚಿಕೊಂಡಿತ್ತು. ಅಷ್ಟರಲ್ಲಿ ಕರೆಂಟೂ ಹೋಯಿತು. ಇದೇ ಹದ ಎಂದು ಅಣ್ಣ ಡಬ್ಬಿ ತೆರೆದ. ಕಂಬದ ಬಳಿಯ ಫ್ಯೂಸು ಕಿತ್ತುಬನ್ನಿ ಎಂದು ವೈನಿ ಹೇಳಿದ್ದು ನನಗೆ ಕೇಳಿಸಿತು. ಕಂಬ ಹೊಲದ ಆ ತುದಿಗಿದೆ. ಒಂದು ನಿಮಿಷದ ಕೆಲಸಕ್ಕೆ ಅಲ್ಲಿಯವರೆಗೆ ಯಾರು ಹೋಗಬೇಕು ಎಂದು ಅವನು ಗೊಣಗಿದ. ಆಮೇಲೆ ನನ್ನನ್ನು ಕರೆದ.

“ತಂಗಿ, ಜರಾ ಬಾಗಲದಾಗ ನಿಂದ್ರು. ಬಲ್ಬ್ ಹತ್ತಿತಂದ್ರ ಒದರಿ ಹೇಳು.”

ನನಗೆ ಖುಷಿಯೇ ಆಯಿತು. ಬಂದಾಗಿನಿಂದ ಅತಿಥಿಯಂತೆ ಕೂರಿಸಿ ಚಹಾ ಕೊಡುತ್ತಿದ್ದರು, ಕಡೆಗೂ ಒಂದು ಕೆಲಸ ಸಿಕ್ಕಿತು. ಬಾಗಿಲಲ್ಲಿ ನಿಂತೆ. ಬಿಸಿಲು ಹಿತವಾಗಿತ್ತು. ಹೊಲದ ಮೇಲೆ ತೊಗರಿಯ ಹೊಟ್ಟಿನ ವಾಸನೆ ಇತ್ತು. ವೈನಿ ಮನೆಯ ಮಗ್ಗುಲಲ್ಲಿ ಕೂತು ಕೋಲಿನಿಂದ ತೊಗರಿ ಬಡಿಯುತ್ತಿದ್ದರು. ಅಣ್ಣ ಬಿಚ್ಚಿದ ವಯರನ್ನು ಹೊರಗೆಳೆದು ಚಾಕುವಿನಿಂದ ಹೆರೆಯುತ್ತಿದ್ದಾನೆಂದು ಅವನ ಗೊಣಗಾಟದಿಂದ ತಿಳಿಯುತ್ತಿತ್ತು. ಅದನ್ನು ಮತ್ತೆ ಡಬ್ಬಿಯೊಳಗೆ ಸಿಕ್ಕಿಸಬೇಕು, ಅಷ್ಟೇ.

ಬಲ್ಬು ಹತ್ತಿತು. ಅದೇ ಗಳಿಗೆಗೆ ಅವನು ಗೋಡೆಯ ಆಚೆಯಿಂದ ಕೇಳಿದ: “ಲೈಟ್ ಹ್ಯಾಂಗದವ್ವಾ?”

ನಾನು ಒದರಿದೆ: “ಬಂದದ.”

ಅವನು ಹೂಂ ಎಂದ.

ಆ ‘ಹೂಂ’ ನನಗೆ ಚೆನ್ನಾಗಿ ಕೇಳಿಸಿತ್ತು. ಸರಿ, ಕೈ ಹಾಕುವುದಿಲ್ಲ ಎಂದು ಅದರ ಅರ್ಥ ಮಾಡಿಕೊಂಡು ನಿಶ್ಚಿಂತೆಯಿಂದ ನಿಂತಿದ್ದೆ. ಈಗಲೂ ನನ್ನ ಕಿವಿಯಲ್ಲಿ ಮತ್ತೆ ಮತ್ತೆ ಮೊಳಗುವುದು ಆಮೇಲಿನ ಸದ್ದಲ್ಲ, ಆ ಹೂಂ. ಹೂಂ ಎಂದವನು ವಯರನ್ನು ಡಬ್ಬಿಯೊಳಕ್ಕೆ ಸಿಕ್ಕಿಸಲು ಕೈ ಹಾಕಿದ.

ನಾನು ಹೇಳಿದ್ದು ‘ಬಂದದ’, ಕರೆಂಟು ಬಂದಿದೆ ಎಂದು. ಅವನು ಕೇಳಿಸಿಕೊಂಡದ್ದು ‘ಬಂದ್ ಅದ’, ಕರೆಂಟು ಬಂದ್ ಆಗಿದೆ, ಇಲ್ಲ ಎಂದು. ಬರೆದರೆ ನಡುವೆ ಒಂದು ಸಂದು ಕಾಣುತ್ತದೆ. ಬಾಯಲ್ಲಿ ಆ ಸಂದು ಇರುವುದೇ ಇಲ್ಲ. ಮೈಸೂರಿನವರಾಗಿದ್ದರೆ ‘ಬಂದಿದೆ’ ಎನ್ನುತ್ತಿದ್ದರು, ಏನೂ ಆಗುತ್ತಿರಲಿಲ್ಲ. ‘ಇದೆ’ ಎನ್ನುವಲ್ಲಿ ‘ಅದ’ ಎನ್ನುವ, ನಿಲ್ಲುವುದಕ್ಕೂ ಮುಚ್ಚುವುದಕ್ಕೂ ಆರುವುದಕ್ಕೂ ‘ಬಂದ್’ ಎನ್ನುವ ನಮ್ಮಂಥವರಿಗೆ ಮಾತ್ರ ಬೆಳಕು ಬಂದದ್ದಕ್ಕೂ ಹೋದದ್ದಕ್ಕೂ ಒಂದೇ ಸದ್ದು.

ಗೋಡೆಯ ಆಚೆ ಏನೋ ಕಟಕಟ ಎಂದಿತು. ನಾನು ಓಡಿ ಮೂಲೆ ತಿರುಗಿದೆ. ಅಣ್ಣನ ಬಲಗೈ ಡಬ್ಬಿಯೊಳಗಿತ್ತು, ಮೈಯೆಲ್ಲ ಬಿಗಿದು ಅದುರುತ್ತಿತ್ತು, ಬಾಯಿ ತೆರೆದಿತ್ತು, ಅದರಿಂದ ಸ್ವರ ಬರುತ್ತಿರಲಿಲ್ಲ. ನಾನು ನಿಂತೆ. ಭಾಲ್ಕಿಯ ಕಾಲೇಜಿನಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದವಳು, ಪ್ರತಿ ವರ್ಷ ಮಕ್ಕಳ ಮುಂದೆ ನಿಂತು ಕರೆಂಟು ಹಿಡಿದವರನ್ನು ಕೈಯಿಂದ ಮುಟ್ಟಬಾರದು, ಒಣ ಕಟ್ಟಿಗೆಯಿಂದ ಬಿಡಿಸಬೇಕು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವಳು, ಮೂರು ಮಾರು ದೂರದಲ್ಲಿ ನಿಂತುಬಿಟ್ಟೆ. ಆರನೆಯ ತರಗತಿಗೆ ಸಾಲಿ ಬಿಟ್ಟ ವೈನಿ ನನ್ನನ್ನು ತಳ್ಳಿಕೊಂಡು ಮುಂದೆ ಬಂದು, ತೊಗರಿ ಬಡಿಯುವ ಕೋಲಿನಿಂದ ಅವನ ಮೊಳಕೈಗೆ ಬಲವಾಗಿ ಎರಡೇಟು ಹಾಕಿದರು. ಎರಡನೆಯ ಏಟಿಗೆ ಕೈ ಬಿಟ್ಟಿತು. ಅವನು ಹಿಂದಕ್ಕೆ ಬಿದ್ದ. ಕೋಲು ಕೆಳಗಿಟ್ಟು ವೈನಿ ಅವನ ಎದೆಯ ಮೇಲೆ ಕಿವಿ ಇಟ್ಟರು. ಆಮೇಲೆ ನನ್ನತ್ತ ತಿರುಗಿ, ಇದ್ದಾರ, ಗಾಡಿ ತರಸು ಎಂದರು. ಆಗ ನನಗೆ ಕಾಲು ಬಂತು.

ಪಕ್ಕದ ಹೊಲದವರ ಜೀಪಿನಲ್ಲಿ ಔರಾದ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೀದರ. ದಾರಿಯಲ್ಲಿ ಅವನಿಗೆ ಎಚ್ಚರ ಬಂತು. ಮೊದಲ ಮಾತು ಅವನು ಆಡಿದ್ದು ನನ್ನೊಡನೆ.

“ನೀ ಬಂದ್ ಅದ ಅಂದ್ಯಲ್ಲಾ.”

“ಬಂದದ ಅಂದೆ ಅಣ್ಣಾ.”

“ಅದೇ ಅಂತೀನಿ. ಬಂದ್ ಅದ ಅಂದಿ.”

ಆಂಬುಲೆನ್ಸಿನಲ್ಲಿದ್ದ ನರ್ಸು ಸುಮ್ಮನಿರಿ ಎಂದು ಇಬ್ಬರನ್ನೂ ಗದರಿಸಿದರು. ಎದೆಗೆ ಏನೂ ಆಗಿಲ್ಲವೆಂದು ಬೀದರಿನಲ್ಲಿ ಮರುದಿನ ಹೇಳಿದರು. ಬಲಗೈಯ ಮೂರು ಬೆರಳು ಸುಟ್ಟಿದ್ದವು. ಮುಷ್ಟಿ ಮತ್ತೆ ಕಟ್ಟಲು ಬರುತ್ತದೋ ಇಲ್ಲವೋ ಎಂಬುದನ್ನು ಮೂರು ವಾರ ಬಿಟ್ಟು ನೋಡಬೇಕು ಎಂದರು. ಹೊಲ ಮಾಡುವವನಿಗೆ ಬಲಗೈ ಮುಷ್ಟಿ ಕಟ್ಟದಿದ್ದರೆ ಏನು ಉಳಿಯಿತು ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ದಿನವೂ ಡ್ರೆಸ್ಸಿಂಗಿಗೆ ಡಾಬಕಾದಿಂದ ಓಡಾಡುವುದು ಆಗದ ಮಾತು. ಬೀದರಿನ ಮೈಲೂರಿನಲ್ಲಿ ನಾನೂ ಗಂಡನೂ ಕಟ್ಟಿಸಿ ಬೀಗ ಹಾಕಿಟ್ಟ ಮನೆ ಇತ್ತು. ಅಣ್ಣ, ವೈನಿ, ನಾನು ಅಲ್ಲಿಗೆ ಬಂದೆವು. ಬೀದರಿನ ನೆಂಟರಿಗೆಲ್ಲ ಇದು ಹತ್ತಿರ. ಹಾಗಾಗಿ ವಿಚಾರಣೆ ಶುರುವಾಯಿತು.

ಬಂದವರು ಅಣ್ಣನ ಕೈ ನೋಡುತ್ತಿದ್ದರು, ಚ್ ಚ್ ಎನ್ನುತ್ತಿದ್ದರು, ಆಮೇಲೆ ನನ್ನ ಕಡೆ ತಿರುಗಿ, ನೀ ಏನಂದಿ, ಒಂದ್ಸಲ ಅಂದು ತೋರಸು ಎನ್ನುತ್ತಿದ್ದರು. ನಾನು ಬಂದದ ಎಂದು ಹೇಳಿ ತೋರಿಸಬೇಕು. ಅಣ್ಣ ಮಂಚದ ಮೇಲಿನಿಂದ, ಹಾಂಗ ಅಂದಿಲ್ಲ ಅಕಿ ಎನ್ನಬೇಕು. ಬಂದವರಲ್ಲಿ ಅರ್ಧ ಜನ ಅವನ ಕಡೆ, ಅರ್ಧ ಜನ ನನ್ನ ಕಡೆ. ಭಾನುವಾರ ಬುದ್ಧ ವಿಹಾರದಲ್ಲಿ ವಂದನೆ ಮುಗಿಸಿ ಒಟ್ಟಿಗೆ ಬಂದ ಒಂಬತ್ತು ಜನ ನಮ್ಮ ಪಡಸಾಲೆಯಲ್ಲಿ ಕೂತು, ಒಬ್ಬರ ನಂತರ ಒಬ್ಬರು ಬಂದದ, ಬಂದ್ ಅದ, ಬಂದದ, ಬಂದ್ ಅದ ಎಂದು ಹೇಳಿ ನೋಡಿದರು. ಕಪ್ಪೆಗಳ ಸಭೆಯಂತಿತ್ತು. ಯಾರದು ಯಾವುದು ಎಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಒಳಗೆ ಹೋಗಿ ಚಹಾ ಇಟ್ಟೆ. ಚಹಾ ಅದ ಏನು ಎಂದು ಒಬ್ಬರು ಕೂಗಿದರು. ಆ ‘ಅದ’ಕ್ಕೆ ನನಗೆ ಅಳುವೇ ಬಂತು.

ಮಸ್ಕತ್ತಿನವರೂ ಬಿಡಲಿಲ್ಲ. ಗಂಡ ಫೋನಿನಲ್ಲಿ, ನೀನು ಹೇಳಿದ್ದು ವ್ಯಾಕರಣಬದ್ಧವಾಗಿಯೇ ಇದೆ ಎಂದು ಸಮಾಧಾನ ಹೇಳಿದರು. ವ್ಯಾಕರಣ ಕಟ್ಟಿಕೊಂಡು ಏನು ಮಾಡಲಿ? ಆ ನಿಟ್ಟುಸಿರಿನ ಗೃಹಸ್ಥರಂತೂ, ಎಂಥಾ ಸೊಗಸಾದ ಪ್ರಸಂಗ, ಬಂದ ಮೇಲೆ ಶುಕ್ರವಾರ ಎಲ್ಲರೆದುರು ಹೇಳಬೇಕು ಎಂದು ಸಂದೇಶ ಕಳಿಸಿದರು. ನಮ್ಮ ಭಾಷೆಯಲ್ಲಿ ಎಷ್ಟು ರಸವಿದೆ ನೋಡಿ ಎಂದು ಕೊನೆಗೊಂದು ಸಾಲು. ಅಣ್ಣನ ಬೆರಳಿನ ಕರಕಲು ಚರ್ಮ ತೆಗೆಯುವಾಗ ಬಟ್ಟಲು ಹಿಡಿದು ನಿಂತಿದ್ದವಳು ನಾನು. ಆ ರಸ ಯಾವುದೆಂದು ನನಗೆ ತಿಳಿಯಲಿಲ್ಲ.

ಎರಡನೆಯ ವಾರ ಸೋದರಮಾವ ಬಂದರು. ಅವರು ಲೈನ್‌ಮನ್ ಆಗಿ ನಿವೃತ್ತರಾದವರು. ಔರಾದ, ಭಾಲ್ಕಿ ಎಂದು ಊರೂರು ಅಲೆದು ಕಂಬ ಹತ್ತಿ ಇಳಿದವರು. ಎರಡೂ ಕಡೆಯ ವಾದವನ್ನು ಕಣ್ಣು ಮುಚ್ಚಿ ಕೇಳಿದರು. ಮೊದಲು ಅಣ್ಣನಿಗೆ, ಫ್ಯೂಸ್ ಕೀಳದೆ ಡಬ್ಬಿಗೆ ಕೈ ಹಾಕುವವನಿಗೆ ಹೆಣ್ಣು ಕೊಟ್ಟವರನ್ನು ಅನ್ನಬೇಕು ಎಂದರು. ಆಮೇಲೆ ನನಗೆ ಹೇಳಿದರು.

“ಬಂದದ ಅಂತ ಯಾರ್ ಅಂತಾರವಾ? ಲೈನಿನ ಮ್ಯಾಗ ಆ ಮಾತೇ ಇಲ್ಲ. ‘ಬಂತು’, ‘ಹೋಯ್ತು’. ಎರಡೇ. ಬಂದ್ ಅನ್ನೋದೂ ಇಲ್ಲ, ಬಂದದ ಅನ್ನೋದೂ ಇಲ್ಲ. ಹೊಲದಾಗ ಇರೋರು ಎಲ್ಲರೂ ಹಾಂಗೇ ಅಂತಾರ. ನೀ ಎಲ್ಲಿಂದ ತಂದಿ ಇದು?”

ಎಲ್ಲಿಂದ ತಂದೆ ಎಂದು ನನಗೆ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಅಣ್ಣ ನನಗೆ ಮಾತನ್ನು ಕೊಟ್ಟೇ ಇದ್ದ: ಬಲ್ಬ್ ಹತ್ತಿತಂದ್ರ ಹೇಳು ಎಂದಿದ್ದ. ಹತ್ತಿತು ಎಂದಿದ್ದರೆ ಮುಗಿದಿತ್ತು. ನಾನು ಅದನ್ನು ಬಿಟ್ಟು ನನ್ನ ಶುಕ್ರವಾರದ ಮಾತನ್ನು ಆಡಿದ್ದೆ. ಹಿತವಾದ ಬಿಸಿಲು, ಹೊಟ್ಟಿನ ವಾಸನೆ, ನನ್ನ ಊರಿನ ಹೊಲ, ನನ್ನ ಊರಿನ ಮಾತು. ಬಾಯಿ ತುಂಬ ಒದರುವ ಅವಕಾಶ. ಕೊನೆಯ ‘ಅದ’ವನ್ನು ಬಾಯಲ್ಲಿ ಇಟ್ಟುಕೊಂಡು ಎಳೆದಿದ್ದೆ. ಸರಸರನೆ ಅಂದರೆ ‘ಬಂದದ’ ಒಂದೇ ಮಾತು. ಎಳೆದರೆ ಅದು ನಡುವೆ ಬಿರಿಯುತ್ತದೆ. ‘ಬಂದ್’ ಒಂದು ಕಡೆ, ‘ಅದ’ ಒಂದು ಕಡೆ. ಸಂದನ್ನು ಮಾಡಿದವಳು ನಾನೇ. ಅಲ್ಲೇ ಇದ್ದು ಆ ಕರೆಂಟಿನ ಜೊತೆ ಬದುಕುವವರು ಮಾತನ್ನು ಸವೆಸಿ, ತುಂಡರಿಸಿ, ಮೋಸವಾಗದಂತೆ ಮಾಡಿಕೊಂಡಿದ್ದರು. ನಾನು ದೂರದಲ್ಲಿ ಕೂತು, ಕರೆಂಟು ಹೋಗದ ಊರಿನಲ್ಲಿ, ಅದನ್ನು ಚೀಪುತ್ತ ಕಾಪಾಡಿಕೊಂಡಿದ್ದೆ.

ಇದನ್ನು ಮಾವನ ಎದುರು ಹೇಳಬೇಕಿತ್ತು. ಹೇಳಲಿಲ್ಲ. ಬಂದದ ಅಂದದ್ದಂತೂ ನಿಜ ಎಂದು ಮತ್ತೊಮ್ಮೆ ಹಟ ಹಿಡಿದೆ. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಸಂಕಟ ನನಗೆ ಆಮೇಲೆ ತಿಳಿಯಿತು. ಹಾಡಹಗಲೇ ಉರಿಯುವ ಬಲ್ಬು ಇಟ್ಟುಕೊಂಡು ಕರೆಂಟಿಗೆ ಕೈ ಹಾಕಿದ ಎಂದು ಡಾಬಕಾದಲ್ಲಿ ನಗುತ್ತಿದ್ದರಂತೆ. ಬೆಳಿಗ್ಗೆಯೇ ಕುಡಿದಿದ್ದ ಎಂದೂ ಒಬ್ಬಿಬ್ಬರು ಆಡಿಕೊಂಡರಂತೆ. ಅವನು ಕುಡಿಯುವವನೇ ಅಲ್ಲ. ಕೈ ಹೋದರೆ ಹೋಗಲಿ, ಕುಡುಕ ಅನಿಸಿಕೊಂಡೆನಲ್ಲ ಎಂದು ವೈನಿಯ ಹತ್ತಿರ ಅಂದಿದ್ದನಂತೆ. ಇಷ್ಟಾದರೂ ನಾನು ಬಾಯಿಬಿಡದೆ ಮೂರು ವಾರ ತಳ್ಳಿದೆ.

ನಾನು ಹೊರಡುವ ಹಿಂದಿನ ದಿನ ಪಟ್ಟಿ ಬಿಚ್ಚಿದರು. ಮುಷ್ಟಿ ಕಟ್ಟಿ ಎಂದರು ಡಾಕ್ಟರು. ಹೆಬ್ಬೆರಳು, ಕಿರುಬೆರಳು, ಉಂಗುರಬೆರಳು ಮಡಚಿದವು. ನಡುಬೆರಳು ಅರ್ಧಕ್ಕೆ ನಿಂತಿತು. ತೋರುಬೆರಳು ಕದಲಲೇ ಇಲ್ಲ, ನನ್ನ ಕಡೆ ನೆಟ್ಟಗೆ ನಿಂತುಬಿಟ್ಟಿತು. ರಬ್ಬರು ಚೆಂಡು ಹಿಸುಕುತ್ತಿರಿ, ಆರು ತಿಂಗಳಲ್ಲಿ ನಡುಬೆರಳು ಬರಬಹುದು, ತೋರುಬೆರಳಿನ ಮಾತು ಹೇಳಲಾರೆ ಎಂದರು. ಸಲಿಕೆ ಹಿಡಿಯಲಾದೀತೇ ಎಂದು ಅಣ್ಣ ಕೇಳಿದ. ಆದೀತು, ತಡವಾಗಿ ಎಂದರು. ಅವನು ತಲೆ ಅಲ್ಲಾಡಿಸಿದ.

ಮೈಲೂರಿಗೆ ಬಂದು ಮೂವರೂ ಹೊರಗಿನ ಕಟ್ಟೆಯ ಮೇಲೆ ಕೂತೆವು. ಅಣ್ಣ ಚೆಂಡು ಹಿಸುಕುತ್ತಿದ್ದ. ಅದು ಎರಡು ಸಲ ಕೈಜಾರಿ ಉರುಳಿತು. ಎರಡು ಸಲವೂ ನಾನೇ ಎದ್ದು ತಂದುಕೊಟ್ಟೆ. ಆಗ ವೈನಿ, ಹೆರಳು ಹಾಕಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು.

“ನಾನೂ ಬಂದ್ ಅದ ಅಂತೇ ಕೇಳೀನಿ.”

ನಾವಿಬ್ಬರೂ ತಿರುಗಿದೆವು. ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದಿ ಎಂದು ಅಣ್ಣ ಕೇಳಿದ.

“ನನಗ ಯಾರ್ ಕೇಳ್ಯಾರ? ಬಂದೋರೆಲ್ಲ ಅಕಿಗಿ ಕೇಳಿದ್ರು, ನಿಮಗ ಕೇಳಿದ್ರು. ಚಹಾ ತಾ ಅಂದ್ರು, ತಂದೆ.”

ಅದು ನಿಜ. ಅವನ ಜೀವ ಉಳಿಸಿದವರು ಅವರು. ಒಂಬತ್ತು ಜನರ ಸಭೆಯಲ್ಲಿ ಒಬ್ಬರೂ ಅವರನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಗ ಹೇಳಿಬಿಟ್ಟೆ. ಅಲ್ಲಿ ಶುಕ್ರವಾರ ಹೇಗೆ ಎಳೆಯುತ್ತೇನೆ, ಅಂದು ಹೇಗೆ ಎಳೆದೆ, ಎಲ್ಲ. ಎಳೆದೇ ತೋರಿಸಿದೆ. ಮೂರು ವಾರದಲ್ಲಿ ಅಂದು ಒದರಿದ ಹಾಗೆ ನಾನು ಹೇಳಿ ತೋರಿಸಿದ್ದು ಅದೇ ಮೊದಲು. ಆ ಮಾತು ಕಟ್ಟೆಯ ಮೇಲೆ ಎರಡು ತುಂಡಾಗಿ ಬಿತ್ತು.

ಅವನು ಬೈಯುತ್ತಾನೆಂದುಕೊಂಡಿದ್ದೆ. ಅಳುತ್ತಾನೆಂದೂ ಅನಿಸಿತ್ತು. ಅವನ ಮುಖ ಮಾತ್ರ ಅರಳಿತು. ಹಾಂ, ಹಾಂ, ಬರೋಬರ್ ಇದೇ, ಇದೇ ಅಂದಿದ್ದಿ ಎಂದು ತೊಡೆ ತಟ್ಟಲು ಹೋಗಿ, ಸುಟ್ಟ ಕೈ ತಗುಲಿ ಹಲ್ಲು ಕಚ್ಚಿದ. ನೋವಿನಲ್ಲೂ ನಗುತ್ತಿದ್ದ. ನನಗೆ ಎಂಥ ಸಿಟ್ಟು ಬಂತೆಂದರೆ, ನಿನ್ನ ಬೆರಳು ಹೋಗಿದೆ, ಅದಕ್ಕೆ ನಾನು ಕಾರಣ, ಒಂದು ಮಾತಾದರೂ ಬೈಯಬಾರದೇ ಎಂದು ನಾನೇ ಅವನನ್ನು ಬೈದೆ.

“ಫ್ಯೂಸ್ ನಾ ಕಿತ್ತಿಲ್ಲ, ಅದು ನನ್ನ ತಪ್ಪು,” ಅಂದ. “ಆದ್ರ ನಾ ಕಿವುಡನೂ ಅಲ್ಲ, ಕುಡುಕನೂ ಅಲ್ಲ. ಮೊದಲ ಮಾಮಾಗ ಹೇಳ್ತೇನಿ ತಡಿ.”

ಫೋನು ತೆಗೆದ. ಎಡಗೈಗೆ ಅದು ಒಗ್ಗಿರಲಿಲ್ಲ, ಬಲಗೈಯ ಬೆರಳು ಸಾಥ್ ಕೊಡಲಿಲ್ಲ. ನಾನು ಅವನ ಕೈಯಿಂದ ತೆಗೆದುಕೊಂಡು ನಂಬರು ಒತ್ತಿ ಅವನ ಕಿವಿಗೆ ಹಿಡಿದೆ. ಸೋದರಮಾವನಿಗೆ ಹೇಳಿದ. ಆಮೇಲೆ ಸಾಯಗಾಂವಕ್ಕೆ, ನನ್ನ ಮಾವನಿಗೆ. ಆಮೇಲೆ ಡಾಬಕಾದಲ್ಲಿ ಯಾರು ಯಾರು ಕುಡಿದಿದ್ದ ಅಂದಿದ್ದರೋ ಅವರಿಗೆ, ಒಬ್ಬೊಬ್ಬರಿಗೆ. ನನ್ನ ತಂಗಿಯೇ ಒಪ್ಪಿಕೊಂಡಿದ್ದಾಳೆ ಎಂದು ಹೇಳುವಾಗ ಅವನ ದನಿ ಏರುತ್ತಿತ್ತು. ನನ್ನ ತೋಳು ಸೋತು ಫೋನನ್ನು ಇನ್ನೊಂದು ಕೈಗೆ ಬದಲಿಸಿದೆ. ನಡುನಡುವೆ ಅವನು ನನ್ನ ಕಡೆ ಕಣ್ಣು ಮಾಡಿ, ಅಂದು ತೋರಸು, ಅವರಿಗೂ ಒಂದ್ಸಲ ಅಂದು ತೋರಸು ಎನ್ನುತ್ತಿದ್ದ. ನಾನು ಫೋನಿಗೆ ಬಾಯಿ ಹತ್ತಿರ ತಂದು, ಪ್ರತಿಯೊಬ್ಬರಿಗೂ ಎಳೆದು ಹೇಳುತ್ತಿದ್ದೆ.